ಬೀರಲಿಂಗಪ್ಪನ ಇನ್‌ಬಾಕ್ಸ್

ಅರಳೀಕಟ್ಟೆ ವಿದ್ಯಾಮಂಡಳಿಗೆ ಚನ್ನಗಿರಿಯಲ್ಲಿ ಒಂದು ಪಿಯು ಕಾಲೇಜು, ಹೊನ್ನಾಳಿಯಲ್ಲಿ ಒಂದು ಹೈಸ್ಕೂಲು, ನ್ಯಾಮತಿಯಲ್ಲಿ ಒಂದು ಐಟಿಐ, ಜಗಳೂರಿನಲ್ಲಿ ಹಾಸ್ಟೆಲ್ ಸಮೇತ ಇನ್ನೊಂದು ಹೈಸ್ಕೂಲು ಇದ್ದವು. ನಾಲ್ಕರಲ್ಲಿ ಒಂದಕ್ಕೂ ನೆಟ್ಟಗಿನ ಪ್ರಯೋಗಶಾಲೆ ಇರಲಿಲ್ಲ. ಆದರೆ ಸ್ವಂತದ್ದೊಂದು ಮೇಲ್ ಸರ್ವರ್ ಇತ್ತು. ಹದಿಮೂರು ವರ್ಷಗಳ ಹಿಂದೆ ಮಂಡಳಿಯ ಅಧ್ಯಕ್ಷರೂ ಅಡಿಕೆ ಮಂಡಿಯ ಮಾಲೀಕರೂ ಆದ ರೇಣುಕಪ್ರಸಾದರು ಯಾವುದೋ ಸಮಾರಂಭದಲ್ಲಿ ಒಬ್ಬರ ವಿಸಿಟಿಂಗ್ ಕಾರ್ಡು ನೋಡಿದ್ದರು. ಅದರಲ್ಲಿದ್ದ ಈಮೇಲ್ ವಿಳಾಸದ ಬಾಲದಲ್ಲಿ ಆ ಕಾರ್ಡಿನವರದೇ ಸಂಸ್ಥೆಯ ಹೆಸರಿತ್ತು. ಅಂದಿನಿಂದ ಅಧ್ಯಕ್ಷರು ತಮ್ಮ ಕಾರ್ಡನ್ನು ಜೇಬಿನಿಂದ ಹೊರಗೆ ತೆಗೆಯುವುದನ್ನೇ ಬಿಟ್ಟರು. ಮತ್ತೆ ತೆಗೆದದ್ದು ಸರ್ವರ್ ಬಂದ ಮೇಲೆಯೇ.

ಅದನ್ನು ಚನ್ನಗಿರಿ ಕಾಲೇಜಿನ ಸ್ಟೋರ್ ರೂಮಿನಲ್ಲಿ, ಸೀಮೆಸುಣ್ಣದ ಪೆಟ್ಟಿಗೆಗಳಿಗೂ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟುಗಳಿಗೂ ನಡುವೆ ಇಟ್ಟಿದ್ದರು. ಬಿಸಿಯಾಗದಿರಲೆಂದು ಒಂದು ಟೇಬಲ್ ಫ್ಯಾನನ್ನು ಅದರ ಮುಖಕ್ಕೆ ತಿರುಗಿಸಿದ್ದರು. ಬಾಗಿಲ ಮೇಲೆ ‘ದತ್ತಾಂಶ ಕೇಂದ್ರ’ ಎಂಬ ಫಲಕವಿತ್ತು. ಪ್ರತಿವರ್ಷ ಆಯುಧಪೂಜೆಗೆ ಕುಂಕುಮ, ಚೆಂಡುಹೂವು, ನಿಂಬೆಹಣ್ಣು ಸಲ್ಲುತ್ತಿದ್ದವು. ಅದನ್ನು ಬಿಟ್ಟು ಆ ಯಂತ್ರ ಬೇರೆ ಆರೈಕೆ ಕಂಡಿರಲಿಲ್ಲ.

ಉಸ್ತುವಾರಿ ಸಮ್ರೀನಳದು. ಅವಳು ಅದೇ ಕಾಲೇಜಿನ ಕಂಪ್ಯೂಟರ್ ಉಪನ್ಯಾಸಕಿ. ಕಂಪ್ಯೂಟರ್ ಕಲಿಸುವವರಿಗೆ ಪ್ರಿಂಟರು, ಮೈಕು, ಬೆಲ್ಲಿನ ವೈರು, ಅಧ್ಯಕ್ಷರ ಮೊಬೈಲು ಎಲ್ಲವೂ ಗೊತ್ತಿರುತ್ತದೆ ಎಂಬುದು ಮಂಡಳಿಯ ದೃಢ ನಂಬಿಕೆಯಾಗಿದ್ದರಿಂದ ಸರ್ವರ್ ಕೂಡ ಅವಳ ತಲೆಗೇ ಬಂದಿತ್ತು.

ಜೂನ್ ತಿಂಗಳ ಒಂದು ಸೋಮವಾರ ಮೇಲುಗಳು ಹೋಗುವುದೂ ಬರುವುದೂ ನಿಂತಿತು. ಸಮ್ರೀನ್ ಸ್ಟೋರ್ ರೂಮಿನ ಬಾಗಿಲು ತೆಗೆದು ನೋಡಿದಳು. ಐನೂರು ಜಿಬಿಯ ಹಾರ್ಡ್‌ಡಿಸ್ಕಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಭಾಗ ತುಂಬಿತ್ತು. ಯಾರಿಗೂ ಬೇಡದ ಒಂದಿಷ್ಟು ಕಡತ ಅಳಿಸಿ ಅದಕ್ಕೆ ಉಸಿರಾಡುವಷ್ಟು ಜಾಗ ಮಾಡಿಕೊಟ್ಟಳು. ಆಮೇಲೆ ತುಂಬಿರುವುದಾದರೂ ಏನು ಎಂದು ಹುಡುಕಿದಳು. ಹೆಚ್ಚು ಹುಡುಕಬೇಕಾಗಲಿಲ್ಲ.

ರೇಣುಕಪ್ರಸಾದರು ಎರಡು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಐದೂವರೆಗೆ ಮಂಡಳಿಯ ತೊಂಬತ್ತನಾಲ್ಕು ಸಿಬ್ಬಂದಿಗೂ ಶುಭೋದಯದ ಚಿತ್ರ ಕಳಿಸುತ್ತಿದ್ದರು. ಒಂದು ದಿನ ಕಮಲ, ಒಂದು ದಿನ ಸೂರ್ಯ, ಶನಿವಾರಗಳಲ್ಲಿ ಜಿಂಕೆ. ಪಕ್ಕದಲ್ಲಿ ಅವರ ಸ್ವಂತ ಭಾವಚಿತ್ರ, ಕೆಳಗೊಂದು ಹಿತನುಡಿ. ವಾಟ್ಸಾಪಿನಲ್ಲೇ ಕಳಿಸಬಹುದಲ್ಲ ಎಂದು ಯಾರೋ ಹೇಳಿದ್ದಕ್ಕೆ, ವಾಟ್ಸಾಪು ದನದ ದಲ್ಲಾಳಿಗೂ ಐತೆ, ಸ್ವಂತ ಸರ್ವರ್ ಯಾರಿಗೈತೆ ಎಂದು ಕೇಳಿದ್ದರು. ಚಿತ್ರ ಒಂದಕ್ಕೆ ಎರಡು ಎಂಬಿ. ಅಷ್ಟೂ ಜನ ಅದನ್ನು ಪಡೆದು, ಅದೇ ಚಿತ್ರವನ್ನು ಅಂಟಿಸಿಕೊಂಡೇ ‘ಧನ್ಯವಾದಗಳು ಸರ್’ ಎಂದು ಮರಳಿಸುತ್ತಿದ್ದರು. ಯಾರು ಮರಳಿಸಿಲ್ಲ ಎಂಬುದನ್ನು ಅಧ್ಯಕ್ಷರು ಹತ್ತು ಗಂಟೆಯೊಳಗೆ ಪತ್ತೆ ಮಾಡುತ್ತಿದ್ದರು. ಅಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ನ್ಯಾಮತಿಯ ಒಬ್ಬ ಮೇಷ್ಟ್ರನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ, ಹೋದ ಬುಧವಾರದ ಹಿತನುಡಿ ಏನೆಂದು ಕೇಳಿದ್ದನ್ನು ಎಲ್ಲರೂ ನೋಡಿದ್ದರು. ಆ ಮೇಷ್ಟ್ರು ಈಗಲೂ ಬುಧವಾರ ಬಂದರೆ ಬೆವರುತ್ತಾರೆ.

ಸಮ್ರೀನ್ ಕಾರ್ಯದರ್ಶಿ ಕಲ್ಲೇಶಪ್ಪನವರ ಬಳಿ ಹೋದಳು. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತಮೂರು ವರ್ಷ ಕೆಲಸ ಮಾಡಿ, ಒಂದು ಕಾಗದವನ್ನೂ ಅವಸರದಲ್ಲಿ ಮುಂದಕ್ಕೆ ಕಳಿಸದ ಹೆಗ್ಗಳಿಕೆಯೊಂದಿಗೆ ನಿವೃತ್ತರಾಗಿದ್ದವರು. ಡಿಸ್ಕು ತುಂಬಿದೆ, ಹಳೆಯ ಮೇಲುಗಳನ್ನು ಅಳಿಸಬೇಕು ಎಂದು ಅವಳು ಹೇಳಿದಳು. ಅವರು ಬರವಣಿಗೆಯಲ್ಲಿ ಕೊಡಿ ಎಂದರು. ಅವಳು ಬರೆದು ಮೇಲ್ ಮಾಡಿದಳು. ಕಾರ್ಯದರ್ಶಿಗಳ ಪೆಟ್ಟಿಗೆಯೇ ತುಂಬಿದ್ದರಿಂದ ಅದು ವಾಪಸು ಬಂತು. ಮೂರು ದಿನ ಕಾದು ಅವಳು ಕಾಗದದಲ್ಲಿ ಬರೆದು ಕೈಗೇ ಕೊಟ್ಟಳು. ಕಲ್ಲೇಶಪ್ಪನವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಚಲೋ ಬರ್ದೀರಿ. ಇದನ್ನ ಸ್ಕ್ಯಾನ್ ಮಾಡಿ ನನಗೊಂದು ಮೇಲ್ ಹಾಕ್ರಿ. ಕಡತಕ್ಕೆ ಬೇಕಾಕ್ಕೈತೆ.”

ಕೊನೆಗೆ ಕಾರ್ಯಕಾರಿ ಸಮಿತಿ ಸೇರಿತು. ಉಪ್ಪಿಟ್ಟು, ಕೇಸರಿಭಾತು ಆದಮೇಲೆ ವಿಷಯ ಚರ್ಚೆಗೆ ಬಂತು. ಮೇಲುಗಳು ಸಂಸ್ಥೆಯ ಚರಿತ್ರೆ, ಅವನ್ನು ಅಳಿಸುವುದು ಚರಿತ್ರೆಗೆ ಮಾಡುವ ದ್ರೋಹ ಎಂದು ಒಬ್ಬರು ಹೇಳಿದ್ದು ಎಲ್ಲರಿಗೂ ಹಿಡಿಸಿತು. ಆದ್ದರಿಂದ ಅಳಿಸಕೂಡದು ಎಂದಾಯಿತು. ಅದರ ಬದಲು ಪ್ರತಿಯೊಬ್ಬರ ಪೆಟ್ಟಿಗೆಗೂ ಹುದ್ದೆಗೆ ತಕ್ಕಂತೆ ಮಿತಿ ಹಾಕಬೇಕು: ಅಧ್ಯಕ್ಷರಿಗೆ ಮಿತಿಯಿಲ್ಲ, ಕಾರ್ಯದರ್ಶಿಗೆ ಇಪ್ಪತ್ತು ಜಿಬಿ, ಮುಖ್ಯೋಪಾಧ್ಯಾಯರಿಗೆ ಐದು, ಮೇಷ್ಟ್ರುಗಳಿಗೆ ಮೂರು, ಅಟೆಂಡರುಗಳಿಗೆ ಒಂದು. ಆಗಲೇ ಎಲ್ಲರೂ ಅದಕ್ಕಿಂತ ಹೆಚ್ಚು ತುಂಬಿಸಿಕೊಂಡಿದ್ದಾರೆ, ಮಿತಿ ಹಾಕಿದರೆ ಯಾರಿಗೂ ಹೊಸ ಮೇಲ್ ಬರುವುದಿಲ್ಲ ಎಂದು ಸಮ್ರೀನ್ ತಿಳಿಸಿದಳು. ಹಾಗಾದರೆ ಅವರವರೇ ಸ್ವಇಚ್ಛೆಯಿಂದ ಅಳಿಸುವಂತೆ ನಾಲ್ಕೂ ಊರಿಗೆ ಹೋಗಿ ಮನವೊಲಿಸಿ ಎಂದು ಅವಳಿಗೇ ಹೇಳಿದರು. ಸಭೆಯ ನಡವಳಿಯನ್ನು ಇಪ್ಪತ್ತಾರು ಫೋಟೋಗಳೊಂದಿಗೆ ಎಲ್ಲರಿಗೂ ಮೇಲ್ ಮಾಡಲಾಯಿತು. ಡಿಸ್ಕಿನಲ್ಲಿ ಅವಳು ಕಷ್ಟಪಟ್ಟು ಮಾಡಿದ್ದ ಜಾಗದ ಅರ್ಧ ಅದಕ್ಕೇ ಹೋಯಿತು.

ಅವಳು ಸಮಿತಿ ಹೇಳಿದ ಮಿತಿ ಹಾಕಿ ಬಸ್ಸು ಹತ್ತಿದಳು. ಹೊನ್ನಾಳಿಯಲ್ಲಿ ಮುಖ್ಯೋಪಾಧ್ಯಾಯಿನಿ ನಾಗರತ್ನ ಚಹಾ ಕುಡಿಸಿ ಕಷ್ಟ ಕೇಳಿದರು. ಆದರೆ ಅಧ್ಯಕ್ಷರ ಮುಖವಿರುವ ಚಿತ್ರವನ್ನು ತಮ್ಮ ಕೈಯಾರೆ ಡಿಲೀಟ್ ಮಾಡಲು ಮನಸ್ಸು ಬರುವುದಿಲ್ಲ ಎಂದರು. ಮನಸ್ಸು ಎಂದರೆ ಇಲ್ಲಿ ಇನ್ನೂ ಮುಗಿಯದ ಪ್ರೊಬೇಷನ್ ಎಂದು ಅರ್ಥ. ನ್ಯಾಮತಿಯಲ್ಲಿ ಗುಮಾಸ್ತೆಯೊಬ್ಬಳು ಹಿತನುಡಿಗಳನ್ನು ತಿಂಗಳುವಾರು ಜೋಡಿಸಿದ್ದಲ್ಲದೆ, ಕಳೆದುಹೋಗದಿರಲೆಂದು ಪ್ರತಿಯೊಂದನ್ನೂ ತನಗೆ ತಾನೇ ಇನ್ನೊಮ್ಮೆ ಕಳಿಸಿಕೊಂಡಿದ್ದಳು. ಸಮ್ರೀನ್ ಅವಳಿಗೂ ಕೈಮುಗಿದು ಬಂದಳು.

ಜಗಳೂರು ಮುಟ್ಟುವ ಹೊತ್ತಿಗೆ ಅವಳಿಗೆ ಮನವೊಲಿಸುವ ಶಕ್ತಿ ಉಳಿದಿರಲಿಲ್ಲ. ಮುಖ್ಯೋಪಾಧ್ಯಾಯ ಪ್ರವೀಣ್ ಕುಮಾರ್ ಪಾಠದಲ್ಲಿದ್ದರು. ಆಫೀಸಿನ ಕಂಪ್ಯೂಟರಿನ ಮುಂದೆ ಅಟೆಂಡರ್ ಬೀರಲಿಂಗಪ್ಪ ಕೂತಿದ್ದ. ಐವತ್ತೇಳರ ಮನುಷ್ಯ, ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯವನು. ಹನ್ನೊಂದು ವರ್ಷಗಳಿಂದ ಹಾಸ್ಟೆಲಿನ ಪಕ್ಕದ ಒಂದು ಕೋಣೆಯಲ್ಲಿ ಒಬ್ಬನೇ ಇದ್ದು, ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗಿಬರುತ್ತಿದ್ದ. ಸಮ್ರೀನ್ ಅವನ ಪೆಟ್ಟಿಗೆ ನೋಡಿದಳು. ಒಂದೇ ಒಂದು ಮೇಲ್ ಇರಲಿಲ್ಲ. ಅಧ್ಯಕ್ಷರ ಚಿತ್ರ ನಿಮಗೆ ಬರುವುದಿಲ್ಲವೇ ಎಂದು ಕೇಳಿದಳು.

“ದಿನಾ ಬರ್ತೈತ್ರಿ. ಓದಿ, ನೋಡಿದೆ ಅಂತ ಬರ್ದು ತೆಗೆದು ಹಾಕ್ತೀನಿ. ಗುಡಿಸಿದ ಕಸಾನ ಯಾರಾದ್ರೂ ಕಪಾಟಿನಾಗೆ ಇಟ್ಕಂತಾರೇನ್ರಿ ಮೇಡಂ?”

ಮುಖ್ಯೋಪಾಧ್ಯಾಯರು ಕಡತಗಳ ಮೇಲೆ ‘ನೋಡಿದೆ’ ಎಂದು ಬರೆದು ಸಹಿ ಹಾಕುವುದನ್ನು ಅವನು ಹನ್ನೊಂದು ವರ್ಷ ನೋಡಿದ್ದ. ಮೇಲಿಗೆ ಉತ್ತರ ಬರೆಯುವ ಕ್ರಮ ಅದೇ ಇರಬೇಕೆಂದು ಅವನೂ ‘ನೋಡಿದೆ. ಬೀರಲಿಂಗಪ್ಪ’ ಎಂದೇ ಬರೆಯುತ್ತಿದ್ದ.

ಒಂದು ವಾರದಿಂದ ಸಮ್ರೀನಳ ಮುಖದಲ್ಲಿ ಕಾಣದಿದ್ದ ನಗು ಆಗ ಕಂಡಿತು. ಅವಳು ಅಲ್ಲೇ ಕೂತು ಅವನ ಪೆಟ್ಟಿಗೆಯ ಮಿತಿ ಹೆಚ್ಚಿಸಿದಳು. ಯಾರ ಪೆಟ್ಟಿಗೆ ತುಂಬಿ ಮೇಲ್ ವಾಪಸಾಗಬೇಕೋ ಅದು ವಾಪಸಾಗದೆ ಬೀರಲಿಂಗಪ್ಪನ ಪೆಟ್ಟಿಗೆಗೆ ಬಂದು ಬೀಳುವಂತೆ ಮಾಡಿದಳು. ಮುಖ್ಯವಾದದ್ದನ್ನು ಫೋನಿನಲ್ಲಿ ಸಂಬಂಧಪಟ್ಟವರಿಗೆ ಹೇಳಬೇಕು, ಉಳಿದದ್ದನ್ನು ಅಳಿಸಬೇಕು, ಒಂದು ತಿಂಗಳ ಮಟ್ಟಿಗೆ ಅಷ್ಟೇ ಎಂದು ಅವನಿಗೆ ವಿವರಿಸಿದಳು. ಕಲ್ಲೇಶಪ್ಪನವರಿಗೆ ಫೋನು ಮಾಡಿ ಅನುಮತಿ ಕೇಳಿದರೆ ಅವರು ಬರವಣಿಗೆಯಲ್ಲಿ ಕಳಿಸಿ ಎಂದರು. ಕಳಿಸಿದಳು. ಎರಡು ನಿಮಿಷದಲ್ಲಿ ಉತ್ತರ ಬಂತು: ‘ನೋಡಿದೆ. ಬೀರಲಿಂಗಪ್ಪ.’ ಮಂಡಳಿಯ ಇತಿಹಾಸದಲ್ಲೇ ಅಷ್ಟು ಬೇಗ ಸಿಕ್ಕ ಅನುಮತಿ ಇನ್ನೊಂದಿರಲಿಲ್ಲ.

ಮುಂದಿನ ಮೂರು ವಾರ ಅರಳೀಕಟ್ಟೆ ವಿದ್ಯಾಮಂಡಳಿ ಹಿಂದೆಂದೂ ಇಲ್ಲದಷ್ಟು ಸುಸೂತ್ರವಾಗಿ ನಡೆಯಿತು. ನಾಲ್ಕೂ ಊರಿನ ಪತ್ರವ್ಯವಹಾರವೆಲ್ಲ ಜಗಳೂರಿನ ಅಟೆಂಡರನ ಮುಂದೆ ಬಂದು ಬೀಳುತ್ತಿತ್ತು. ಅವನು ಬೆಳಿಗ್ಗೆ ಆಫೀಸು ಗುಡಿಸಿ, ನೀರು ಹಿಡಿದಿಟ್ಟು, ಬೆಲ್ಲು ಹೊಡೆದು, ಆಮೇಲೆ ಮೇಲ್ ಓದುತ್ತಿದ್ದ. ಅಧ್ಯಕ್ಷರ ಚಿತ್ರದ ತೊಂಬತ್ತನಾಲ್ಕು ಪ್ರತಿಗಳಲ್ಲಿ ಒಂದಕ್ಕೆ ‘ನೋಡಿದೆ’ ಬರೆದು ಎಲ್ಲವನ್ನೂ ಒಟ್ಟಿಗೆ ಅಳಿಸುತ್ತಿದ್ದ. ಉಳಿದವನ್ನು ಪೂರ್ತಿ ಓದುತ್ತಿದ್ದ. ಮಂಡಳಿಯಲ್ಲಿ ಮೇಲುಗಳನ್ನು ಪೂರ್ತಿ ಓದುವವನು ಅವನೊಬ್ಬನೇ ಎಂಬುದು ಆಮೇಲೆ ಎಲ್ಲರಿಗೂ ತಿಳಿಯಿತು. ಕಾರ್ಯದರ್ಶಿಗಳ ನಾಲ್ಕು ಪುಟದ ಸುತ್ತೋಲೆ ಬಂದರೆ ನಾಗರತ್ನರಿಗೆ ಫೋನು ಮಾಡಿ, ಇದರಾಗೆ ಏನೂ ಇಲ್ರಿ, ಸೋಮವಾರ ಟಿಸಿ ಪುಸ್ತಕ ಕಳಿಸ್ಬೇಕಂತೆ ಅಷ್ಟೇ ಎನ್ನುತ್ತಿದ್ದ. ನಾಗರತ್ನ ಸೋಮವಾರ ಟಿಸಿ ಪುಸ್ತಕ ಕಳಿಸುತ್ತಿದ್ದರು. ಹಿಂದೆ ಇಷ್ಟಕ್ಕೆ ಮೂರು ಜ್ಞಾಪನ ಪತ್ರಗಳು ಬೇಕಾಗುತ್ತಿದ್ದವು.

ಕಾರ್ಯದರ್ಶಿಗಳಿಗೆ ಬರುವ ಅರ್ಜಿಗಳೂ ಅವನಿಗೇ ಬರುತ್ತಿದ್ದವು. ಅವನ್ನು ತಿಳಿಸೋಣವೆಂದು ಫೋನು ಮಾಡಿದರೆ ಕಲ್ಲೇಶಪ್ಪನವರು ಎತ್ತುತ್ತಿರಲಿಲ್ಲ. ಅಟೆಂಡರನ ಫೋನನ್ನು ಕಾರ್ಯದರ್ಶಿ ಎತ್ತುವ ಪದ್ಧತಿ ಇಲ್ಲ. ಹಾಗಾಗಿ ಬೀರಲಿಂಗಪ್ಪ ಅರ್ಜಿದಾರರಿಗೆ ತಾನು ಕಂಡಿದ್ದನ್ನು ಕಂಡಂತೆ ‘ನೋಡಿದೆ’ ಎಂದು ಬರೆಯುತ್ತಿದ್ದ. ಅವರ ಪೆಟ್ಟಿಗೆಯೂ ತುಂಬಿ ಅದು ತನಗೇ ಮರಳಿದರೆ ಪ್ರಿಂಟು ತೆಗೆದು ಟಪಾಲಿಗೆ ಹಾಕುತ್ತಿದ್ದ. ಅರ್ಜಿ ಹಾಕಿದವರಿಗೆ ಉತ್ತರ ಬಂದದ್ದೇ ಮೊದಲ ಸಲವಾದ್ದರಿಂದ ಅವರು ಅದನ್ನು ಮಂಜೂರಾತಿ ಎಂದೇ ತಿಳಿದರು. ನ್ಯಾಮತಿಯಲ್ಲಿ ಎರಡು ವರ್ಷದಿಂದ ಸೋರುತ್ತಿದ್ದ ವರ್ಕ್‌ಶಾಪಿನ ಶೀಟುಗಳನ್ನು ಬದಲಾಯಿಸಿದರು. ಹೊನ್ನಾಳಿಯಲ್ಲಿ ಹುಡುಗಿಯರ ಶೌಚಾಲಯಕ್ಕೆ ಚಿಲಕ ಬಂತು. ಹೊಸ ಆಡಳಿತಾಧಿಕಾರಿ ಬಂದಿದ್ದಾರಂತೆ, ಕಟ್ಟುನಿಟ್ಟಿನ ಮನುಷ್ಯರಂತೆ, ಮಾತು ಕಡಿಮೆಯಂತೆ ಎಂದು ನ್ಯಾಮತಿಯ ಮೇಷ್ಟ್ರುಗಳು ಮಾತಾಡಿಕೊಂಡರು.

ಜುಲೈ ಎರಡನೆಯ ವಾರ ಬೀರಲಿಂಗಪ್ಪ ಸಮ್ರೀನಳಿಗೆ ಫೋನು ಮಾಡಿದ. ದನಿ ಎಂದಿನಂತಿರಲಿಲ್ಲ. ಹೊನ್ನಾಳಿಗೆ ವರ್ಗ ಕೊಡಿ ಎಂದು ಅವನು ಪ್ರತಿ ಮಳೆಗಾಲ ಶಾಲೆಯ ಗುಮಾಸ್ತನ ಕೈಲಿ ಕಾರ್ಯದರ್ಶಿಗಳಿಗೆ ಅರ್ಜಿ ಬರೆಸಿ ಕಳಿಸುತ್ತಿದ್ದ. ಹೆಂಡತಿ ಚೌಡಕ್ಕನಿಗೆ ಮಂಡಿನೋವು, ಎರಡು ಎಮ್ಮೆ, ಹೊಳೆಯ ದಂಡೆಯ ಒಂದೂವರೆ ಎಕರೆ, ನೋಡಿಕೊಳ್ಳಲು ಇನ್ಯಾರೂ ಇಲ್ಲ. ಈ ವರ್ಷದ್ದು ಒಂಬತ್ತನೆಯ ಅರ್ಜಿ. ಅದು ಅಂದು ಬೆಳಿಗ್ಗೆ ಅವನದೇ ಪೆಟ್ಟಿಗೆಗೆ ಬಂದಿತ್ತು.

“ನನ್ನ ಅರ್ಜಿ ನನಗೇ ಬಂದೈತ್ರಿ ಮೇಡಂ. ಏನು ಮಾಡ್ಲಿ?”

ಸಮ್ರೀನಳಿಗೆ ಮಂಜೂರು ಮಾಡಿ ಎನ್ನುವಂತಿಲ್ಲ, ತಿರಸ್ಕರಿಸಿ ಎನ್ನಲು ನಾಲಿಗೆ ಹೊರಳಲಿಲ್ಲ. ಬೇರೆಯವರದ್ದಕ್ಕೆ ಏನು ಮಾಡ್ತೀರೋ ಅದನ್ನೇ ಮಾಡ್ರಿ ಬೀರಣ್ಣ ಎಂದಳು. ಅವನು ಆಗಲಿ ಎಂದು ಫೋನು ಇಟ್ಟ. ಆಮೇಲೆ ತನ್ನ ಅರ್ಜಿಯನ್ನು ಪೂರ್ತಿ ಓದಿ, ಒಂದು ಕಡೆ ಹೆಂಡತಿಯ ಹೆಸರಿನ ಒತ್ತಕ್ಷರ ತಪ್ಪಿದ್ದನ್ನು ಕಂಡು ಬೇಸರಪಟ್ಟು, ‘ನೋಡಿದೆ. ಬೀರಲಿಂಗಪ್ಪ’ ಎಂದು ಬರೆದ. ಅರ್ಜಿ ಹೋಗಿದ್ದು ಶಾಲೆಯ ಈಮೇಲ್ ವಿಳಾಸದಿಂದಾದ್ದರಿಂದ ಉತ್ತರ ಪಕ್ಕದ ಕೋಣೆಯ ಪ್ರವೀಣ್ ಕುಮಾರರಿಗೆ ಬರಬೇಕಿತ್ತು. ಅವರ ಪೆಟ್ಟಿಗೆ ತುಂಬಿದ್ದರಿಂದ ಅದೂ ಬೀರಲಿಂಗಪ್ಪನಿಗೇ ಬಂತು. ಅವನು ಎಂದಿನಂತೆ ಅದನ್ನು ಪ್ರಿಂಟು ತೆಗೆದು ಅವರ ಮೇಜಿನ ಮೇಲಿಟ್ಟ.

ಪ್ರವೀಣ್ ಕುಮಾರ್ ಒಳ್ಳೆಯ ಗಣಿತದ ಮೇಷ್ಟ್ರು. ಮೂರು ವಾರದಲ್ಲಿ ಅವರು ‘ನೋಡಿದೆ. ಬೀರಲಿಂಗಪ್ಪ’ ಎಂದಿದ್ದ ಹದಿನಾಲ್ಕು ಕಾಗದಗಳನ್ನು ಜಾರಿ ಮಾಡಿದ್ದರು. ಹದಿನೈದನೆಯದನ್ನೂ ಮಾಡಿದರು. ಅದರಲ್ಲಿದ್ದ ಬೀರಲಿಂಗಪ್ಪನೂ ಎದುರಿಗೆ ನಿಂತ ಬೀರಲಿಂಗಪ್ಪನೂ ಒಬ್ಬನೇ ಎಂದು ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಹನ್ನೊಂದು ವರ್ಷ ನೀರು ತಂದುಕೊಟ್ಟವನ ಮುಖ ನೋಡಿ ಸುಮ್ಮನಾದರೋ, ಅವರು ಯಾರಿಗೂ ಹೇಳಿಲ್ಲ. ಬಿಡುಗಡೆ ಪತ್ರಕ್ಕೆ ಸಹಿ ಮಾಡಿ, ಒಂದು ಶಾಲು ತರಿಸಿ ಹೊದಿಸಿದರು. ಸೋಮವಾರ ಬೀರಲಿಂಗಪ್ಪ ಹೊನ್ನಾಳಿಯಲ್ಲಿ ಹಾಜರಾದ. ನಾಗರತ್ನ ಮೇಡಂ ಎದ್ದುನಿಂತು ಅವನನ್ನು ಬರಮಾಡಿಕೊಂಡು, ಆಮೇಲೆ ಏಕೆ ಎದ್ದೆ ಎಂದು ತಾವೇ ಗಲಿಬಿಲಿಗೊಂಡರು.

ಅಧ್ಯಕ್ಷರು ಈ ದಿನಗಳಲ್ಲೆಲ್ಲ ಊರಲ್ಲಿರಲಿಲ್ಲ. ಸಂಸಾರ ಸಮೇತ ಕಾಶಿ ಯಾತ್ರೆಗೆ ಹೋಗಿದ್ದರು. ಅಲ್ಲಿಂದಲೂ ಶುಭೋದಯ ತಪ್ಪಿಸಿರಲಿಲ್ಲ, ಉತ್ತರಗಳ ಲೆಕ್ಕವನ್ನು ಮಾತ್ರ ಊರಿಗೆ ಬಂದು ಕೇಳೋಣವೆಂದು ಇಟ್ಟುಕೊಂಡಿದ್ದರು. ಜಿಂಕೆಯ ಜಾಗದಲ್ಲಿ ಗಂಗೆ ಬಂದಿದ್ದಳು. ಮರಳಿ ಬಂದವರೇ ಸಮಿತಿ ಕರೆದರು. ಸಮ್ರೀನಳನ್ನೂ ಬೀರಲಿಂಗಪ್ಪನನ್ನೂ ಕರೆಸಿದರು. ಕಲ್ಲೇಶಪ್ಪನವರಿಗೆ ಅಷ್ಟರಲ್ಲಿ ಕತೆಯೆಲ್ಲ ಗೊತ್ತಾಗಿ, ಇಬ್ಬರನ್ನೂ ಅಮಾನತು ಮಾಡುವ ಕರಡನ್ನು ಕೈಯಲ್ಲಿ ಹಿಡಿದೇ ಬಂದಿದ್ದರು. ಅದರಲ್ಲಿ ಏಳು ಆರೋಪಗಳಿದ್ದವು.

ಅಧ್ಯಕ್ಷರಿಗೆ ಆರೋಪಗಳ ಮೇಲೆ ಆಸಕ್ತಿ ಇರಲಿಲ್ಲ.

“ಇಪ್ಪತ್ತೈದು ದಿನ ಪರಸ್ಥಳದಾಗೆ ಇದ್ದೆ. ತೊಂಬತ್ನಾಕು ಜನದಾಗೆ ನನಗೆ ಒಂದು ಉತ್ತರ ಬರ್ದೋನು ಈ ಬೀರಲಿಂಗಪ್ಪ ಒಬ್ಬನೇ. ಉಳಿದೋರಿಗೆ ಏನಾಗಿತ್ತು?”

ಸಮ್ರೀನ್ ಎದ್ದುನಿಂತಳು. ಕೆಲಸ ಹೋಗುವುದಾದರೆ ನಿಜ ಹೇಳಿಯೇ ಹೋಗಲಿ ಎಂದು ಅವಳು ಬಸ್ಸಿನಲ್ಲೇ ತೀರ್ಮಾನಿಸಿದ್ದಳು. ಎಲ್ಲರ ಪೆಟ್ಟಿಗೆಯೂ ತುಂಬಿದೆ, ತುಂಬಿರುವುದು ಅಧ್ಯಕ್ಷರ ಚಿತ್ರಗಳಿಂದ, ಅದಕ್ಕೇ ಹೊಸದು ಯಾರಿಗೂ ತಲುಪುತ್ತಿಲ್ಲ ಎಂದಳು. ಅಧ್ಯಕ್ಷರು ಅವಳನ್ನೇ ನೋಡಿದರು.

“ನೂರರಾಗೆ ನನ್ನವು ಎಷ್ಟಮ್ಮ?”

“ಅರವತ್ಮೂರು ಸರ್.”

“ಅಂದ್ರೆ ಎರಡು ವರ್ಷದಾಗೆ ಇವ್ರು ಒಂದನ್ನೂ ಅಳಿಸಿಲ್ಲ?”

“ಇಲ್ಲ ಸರ್. ಎಲ್ಲಾ ಇಟ್ಕೊಂಡಾರೆ.”

ಕಲ್ಲೇಶಪ್ಪನವರು ಫ್ಯಾನಿನ ಕಡೆ ನೋಡತೊಡಗಿದರು. ರೇಣುಕಪ್ರಸಾದರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಇಷ್ಟೊಂದು ಪ್ರೀತಿ ಇದೆಯೆಂದು ಅವರಿಗೆ ತಿಳಿದಿರಲಿಲ್ಲ. ಜನ ತಮ್ಮ ಸ್ವಂತ ಕಾಗದಪತ್ರಕ್ಕೆ ಜಾಗವಿಲ್ಲದಿದ್ದರೂ ತಮ್ಮ ಹಿತನುಡಿಗಳನ್ನು ಬಿಟ್ಟುಕೊಟ್ಟಿಲ್ಲ ಎಂದು ಅವರು ಹೇಳಿದಾಗ, ಸಮಿತಿಯ ಸದಸ್ಯರು ತಮಗೂ ಹಾಗೇ ಅನ್ನಿಸಿದೆ ಎಂಬ ಮುಖ ಮಾಡಿದರು. ಇವು ಯಂತ್ರದೊಳಗೆ ಕೊಳೆಯಬಾರದು, ಆಯ್ದ ನೂರನ್ನು ಬಣ್ಣದ ಪುಸ್ತಕವಾಗಿ ತರಬೇಕು ಎಂದು ಅಧ್ಯಕ್ಷರು ಅಪ್ಪಣೆ ಕೊಟ್ಟರು. ಆಯ್ಕೆಗೆ ಐವರ ಉಪಸಮಿತಿಯಾಯಿತು. ಪುಸ್ತಕವೇ ಬರುವಾಗ ಉಳಿದವನ್ನು ಅಳಿಸಬಹುದೇ ಎಂದು ಸಮ್ರೀನ್ ಕೇಳಿದಳು. ಪುಸ್ತಕ ಇದ್ದ ಮೇಲೆ ಯಂತ್ರ ಯಾಕೆ ಬೇಕು, ಅಳಿಸು ಎಂದರು.

ಕಲ್ಲೇಶಪ್ಪನವರು ಅಷ್ಟಕ್ಕೇ ಬಿಡಲಿಲ್ಲ. ಅಟೆಂಡರನ ವರ್ಗಾವಣೆಯನ್ನಾದರೂ ರದ್ದು ಮಾಡಬೇಕೆಂದರು. ಯಾವ ಆದೇಶವನ್ನು ರದ್ದು ಮಾಡಬೇಕು, ಅದರ ಸಂಖ್ಯೆ, ದಿನಾಂಕ ಏನು ಎಂದು ಅಧ್ಯಕ್ಷರು ಕೇಳಿದರು. ಆದೇಶವೇ ಇರಲಿಲ್ಲ. ಇಲ್ಲದ ಆದೇಶವನ್ನು ಸಂಖ್ಯೆ ಹಾಕಿ ರದ್ದು ಮಾಡುವ ವಿಧಾನ ಮೂವತ್ತಮೂರು ವರ್ಷದ ಸರ್ವೀಸಿನಲ್ಲಿ ಅವರಿಗೂ ಎದುರಾಗಿರಲಿಲ್ಲ. ಅದನ್ನು ಪರಿಶೀಲನೆಯಲ್ಲಿ ಇಡಲಾಯಿತು. ಕಲ್ಲೇಶಪ್ಪನವರ ಪರಿಶೀಲನೆ ಎಂದರೆ ಬೀರಲಿಂಗಪ್ಪ ನಿವೃತ್ತಿಯಾಗುವವರೆಗೆ ಭಯವಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟಮೇಲೆ ಸಮ್ರೀನ್ ಉಪಸಮಿತಿಗೆಂದು ಚಿತ್ರಗಳ ಒಂದೊಂದು ಪ್ರತಿ ತೆಗೆದಿಟ್ಟು ಅಳಿಸಲು ಕೂತಳು. ಹಳೆಯ ಯಂತ್ರಕ್ಕೆ ಅದು ನಾಲ್ಕು ಗಂಟೆಯ ಕೆಲಸ. ತೊಂಬತ್ತು, ಎಂಬತ್ತೊಂದು, ಅರವತ್ತು ಎಂದು ಅಂಕಿ ಇಳಿಯುವುದನ್ನು ನೋಡುತ್ತ ಅವಳು ಮನೆಯಿಂದ ತಂದ ಚಪಾತಿ ತಿಂದಳು. ಕಲ್ಲೇಶಪ್ಪನವರು ತಮ್ಮ ಪೆಟ್ಟಿಗೆಯನ್ನೂ ಅವಳೇ ಸ್ವಚ್ಛ ಮಾಡಲಿ, ಅದರಲ್ಲಿ ಮುಖ್ಯವಾದದ್ದು ಏನೂ ಇಲ್ಲ ಎಂದು ಹೇಳಿಹೋಗಿದ್ದರು. ತೆರೆದು ನೋಡಿದರೆ ಹನ್ನೊಂದು ಸಾವಿರ ಮೇಲುಗಳನ್ನು ಯಾರೂ ತೆರೆದೇ ಇರಲಿಲ್ಲ. ಅವುಗಳಲ್ಲಿ ಬೀರಲಿಂಗಪ್ಪನ ಎಂಟು ಅರ್ಜಿಗಳು ಸಿಕ್ಕವು. ಮೊದಲನೆಯದು ಒಂದೂವರೆ ಪುಟ. ಅದರಲ್ಲಿ ಚೌಡಕ್ಕನ ಮಂಡಿ, ಎಮ್ಮೆಗಳ ಹೆಸರು, ಹೊಳೆ ತುಂಬಿ ಬಂದಾಗ ಅವಳೊಬ್ಬಳೇ ಪಂಪ್‌ಸೆಟ್ಟು ಬಿಚ್ಚಿ ದಡಕ್ಕೆ ಎಳೆದದ್ದು ಎಲ್ಲ ಇತ್ತು. ವರ್ಷ ಕಳೆದಂತೆ ಅರ್ಜಿ ಗಿಡ್ಡವಾಗುತ್ತ ಬಂದು ಎಂಟನೆಯದು ಎರಡೇ ಸಾಲಿಗೆ ಇಳಿದಿತ್ತು. ಸಮ್ರೀನ್ ಎಂಟನ್ನೂ ನಿಧಾನವಾಗಿ ಓದಿದಳು. ಅವಳಿಗೆ ನಗು ಬರಲಿಲ್ಲ. ಅವನ್ನು ಉಳಿಸಿ ಮಿಕ್ಕದ್ದನ್ನು ಅಳಿಸಿದಳು. ಸಂಜೆ ಐದರ ಹೊತ್ತಿಗೆ ಡಿಸ್ಕು ಮೂವತ್ತೆರಡಕ್ಕೆ ಬಂದು ನಿಂತಿತು. ಎಲ್ಲರ ಮೇಲುಗಳೂ ಅವರವರ ಪೆಟ್ಟಿಗೆಗೆ ಹೋಗತೊಡಗಿದವು, ಎಂದಿನಂತೆ ಎಲ್ಲರೂ ಅವನ್ನು ಓದದೆ ಇಟ್ಟುಕೊಳ್ಳತೊಡಗಿದರು.

ಆಗಸ್ಟಿನಲ್ಲಿ ಪ್ರಿಂಟರ್ ರಿಪೇರಿಗೆಂದು ಅವಳು ಹೊನ್ನಾಳಿಗೆ ಹೋದಾಗ ಬೀರಲಿಂಗಪ್ಪ ಗೇಟಿನ ಹತ್ತಿರವೇ ಸಿಕ್ಕ. ಸ್ವಲ್ಪ ಮೈ ಬಂದಿತ್ತು. ದಿನಾ ಸಂಜೆ ಬಸ್ಸಿಗೆ ಸಾಸ್ವೆಹಳ್ಳಿಗೆ ಹೋಗುತ್ತಾನಂತೆ. ಹನ್ನೊಂದು ವರ್ಷ ಒಬ್ಬಳೇ ಇದ್ದು ಅಭ್ಯಾಸವಾಗಿದ್ದ ಚೌಡಕ್ಕ, ಇವನು ಅಡುಗೆಮನೆಯಲ್ಲಿ ಡಬ್ಬಿಗಳನ್ನು ಜೋಡಿಸಿಡುವುದಕ್ಕೆ ಬೈಯುತ್ತಾಳಂತೆ. ಅಷ್ಟು ಹೇಳಿ, ಒಂದು ಮಾತು ಕೇಳಲೇ ಎಂದ.

“ಆ ಈಮೇಲ್ ನನಗೆ ಬ್ಯಾಡ್ರಿ ಮೇಡಂ. ಮುಚ್ಚಾಕೆ ಬರ್ತೈತೇನು? ಮಂದಿ ಇನ್ನೂ ನನಗೇ ಅರ್ಜಿ ಹಾಕ್ತಾರೆ. ಅವ್ರ ಕಷ್ಟ ಓದಿ ಓದಿ ನಿದ್ದೆ ಹತ್ತಂಗಿಲ್ಲ.”

ಮುಚ್ಚಬಹುದು ಎಂದಳು ಸಮ್ರೀನ್. ಮೂರನೆಯ ಪಿರಿಯಡ್ ಮುಗಿದಿತ್ತು. ಅವನು ಬೆಲ್ಲು ಹೊಡೆಯಲು ವರಾಂಡದ ಕಡೆ ನಡೆದ. ಅವಳು ಅಲ್ಲೇ ಬೇವಿನ ಮರದ ಕೆಳಗೆ ನಿಂತು ಮೊಬೈಲಿನಲ್ಲಿ ಆ ಖಾತೆಯನ್ನು ಮುಚ್ಚಿ, ಪ್ರಿಂಟರ್ ಎಲ್ಲಿದೆ ಎಂದು ಕೇಳುತ್ತ ಆಫೀಸಿನೊಳಗೆ ಹೋದಳು.